ಕಪ್ಪು ಕಾರಿನ ಗೀರುಗಳು: ಪಾಲಿಶ್ ಮಾಡಿಸಿದರೂ ಮರಳಿ ಕಾಣಿಸಿಕೊಳ್ಳುತ್ತಿವೆ, ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಕೋಥ್ರೂಡ್‌ನಲ್ಲಿ ವಾಸವಾಗಿದ್ದೇನೆ. ನನ್ನ ಕಪ್ಪು ಬಣ್ಣದ ಹ್ಯಾಚ್‌ಬ್ಯಾಕ್ ನೆರಳಿನಲ್ಲಿ ನಿಂತಾಗ ಚೆನ್ನಾಗಿಯೇ ಕಾಣುತ್ತದೆ. ಬಿಸಿಲಿಗೆ ತಂದ ಕೂಡಲೇ ಬಾನೆಟ್ಟಿನ ತುಂಬ ಸುತ್ತುಸುತ್ತಾದ ಸಣ್ಣ ಗೀರುಗಳು ಎದ್ದು ಬರುತ್ತವೆ. ಇದಲ್ಲದೆ ಎಡಬದಿಯ ಹಿಂಬಾಗಿಲಿನ ಮೇಲೆ ಸ್ಕೂಟರಿನ ಹ್ಯಾಂಡಲ್ ತಗುಲಿ ಆದ ಗೇಣುದ್ದದ ಗೀರು ಒಂದಿದೆ. ಮಳೆಗಾಲಕ್ಕೆ ಮುಂಚೆ ಒಂದು ಗ್ಯಾರೇಜಿನಲ್ಲಿ ರಬ್ಬಿಂಗ್ ಮತ್ತು ಪಾಲಿಶ್ ಮಾಡಿಸಿದ್ದೆ. ಅಂದು ಕಾರು ಹೊಸದರಂತೆ ಹೊಳೆಯಿತು, ಆದರೆ ಕೆಲವು ಸಲ ತೊಳೆಯುವಷ್ಟರಲ್ಲಿ ಗೀರುಗಳೆಲ್ಲ ಇದ್ದಲ್ಲಿಯೇ ಮರಳಿ ಕಂಡವು. ಈಗ ಚಿಂಚವಡದಲ್ಲಿರುವ, ನನ್ನಂತೆಯೇ ಕಾರಿನ ಹವ್ಯಾಸವಿರುವ ಗೆಳೆಯರೊಬ್ಬರು ತಮ್ಮ ಡ್ಯುಯಲ್ ಆಕ್ಷನ್ (ತಿರುಗುತ್ತಲೇ ಕಂಪಿಸುವ) ಪಾಲಿಶ್ ಯಂತ್ರವನ್ನು ತರುವುದಾಗಿ ಹೇಳಿದ್ದಾರೆ. ಇಬ್ಬರೂ ಸೇರಿ ಈ ಕೆಲಸವನ್ನು ಹೇಗೆ ಆರಂಭಿಸಬೇಕು, ಮತ್ತು ಬಾಗಿಲಿನ ಗೀರು ಇದರಿಂದ ಹೋಗುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ

ನಮಸ್ಕಾರ ಸರ್. ಗೀರುಗಳು ಮರಳಿ ಬಂದಿಲ್ಲ. ಅವು ಹೋಗಿಯೇ ಇರಲಿಲ್ಲ ಎಂಬುದು ನನ್ನ ಅನಿಸಿಕೆ. ಕೆಲವು ಪಾಲಿಶ್‌ಗಳಲ್ಲಿ ಗೀರಿನೊಳಗೆ ತುಂಬಿಕೊಂಡು ಅದನ್ನು ಮರೆಮಾಡುವ ಎಣ್ಣೆ ಮತ್ತು ಮೇಣದಂಥ ಅಂಶಗಳಿರುತ್ತವೆ. ಮಳೆ ಮತ್ತು ಶಾಂಪೂ ಅವುಗಳನ್ನು ತೊಳೆದ ಮೇಲೆ ಮೊದಲಿದ್ದ ಗೀರೇ ಕಾಣುತ್ತದೆ. ಗೀರು ನಿಜವಾಗಿ ಹೋಗಬೇಕಾದರೆ ಅದರ ಸುತ್ತಲಿನ ಕ್ಲಿಯರ್ ಕೋಟನ್ನು (ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನು) ಗೀರಿನ ತಳದ ಮಟ್ಟಕ್ಕೆ ತೆಳುವಾಗಿ ಸವೆಸಬೇಕು. ಪಾಲಿಶ್ ಎಂದರೆ ಅಷ್ಟೇ. ಅದು ಬಣ್ಣಕ್ಕೆ ಏನನ್ನೂ ಸೇರಿಸುವುದಿಲ್ಲ, ಇದ್ದುದರಲ್ಲಿ ಸ್ವಲ್ಪವನ್ನು ತೆಗೆಯುತ್ತದೆ.

ಕಾರ್ಖಾನೆಯಲ್ಲಿ ಹಾಕಿದ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರುತ್ತದೆ. ಅದರಲ್ಲಿ ಬಣ್ಣದ ಅಡಿಯಲ್ಲಿರುವ ಪ್ರೈಮರ್, ಬಣ್ಣ ಕೊಡುವ ಬೇಸ್ ಕೋಟ್ ಎಲ್ಲವೂ ಸೇರಿದ್ದು, ಮೇಲಿನ ಪಾರದರ್ಶಕ ಕ್ಲಿಯರ್ ಕೋಟಿಗೆ ಉಳಿಯುವುದು ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವ ಅಂಶಗಳೂ ಈ ಪದರದಲ್ಲಿಯೇ ಇರುತ್ತವೆ. ಗ್ಯಾರೇಜಿನಲ್ಲಿ ಒಮ್ಮೆ ರಬ್ಬಿಂಗ್ ಆಗಿರುವುದರಿಂದ ನಿಮ್ಮ ಪಾಲಿನ ಉಳಿತಾಯ ಈಗಾಗಲೇ ಸ್ವಲ್ಪ ಖರ್ಚಾಗಿದೆ ಎಂದು ತಿಳಿದೇ ಮುಂದುವರಿಯಿರಿ. ಬಣ್ಣದ ದಪ್ಪ ಅಳೆಯುವ ಮೀಟರ್ ಎರವಲು ಸಿಕ್ಕರೆ ಪ್ರತಿಯೊಂದು ಭಾಗವನ್ನೂ ಹಲವು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಒಂದೇ ಬಾಗಿಲು 200 ಮೈಕ್ರಾನಿಗಿಂತ ಹೆಚ್ಚು ತೋರಿಸಿದರೆ ಅದಕ್ಕೆ ಹಿಂದೆ ಮರುಬಣ್ಣ ಹಾಕಿರುವ ಸಾಧ್ಯತೆಯಿದೆ. ಲೋಹದ ಮೇಲೆ ಮಾತ್ರ ಕೆಲಸ ಮಾಡುವ ಸಾಮಾನ್ಯ ಮೀಟರಿನಿಂದ ಪ್ಲಾಸ್ಟಿಕ್ ಬಂಪರನ್ನು ಅಳೆಯಲಾಗುವುದಿಲ್ಲ.

ಬಾಗಿಲಿನ ಗೀರಿನ ಮೇಲೆ ಅಡ್ಡಲಾಗಿ ಉಗುರನ್ನು ಹಗುರವಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶಿನಿಂದ ಹೋಗಬಹುದು. ಸಿಕ್ಕಿಕೊಂಡರೆ ಅದರ ಅಂಚನ್ನು ಮೃದುಗೊಳಿಸಿ ಕಡಿಮೆ ಕಾಣುವಂತೆ ಮಾಡಬಹುದೇ ಹೊರತು ಪೂರ್ತಿ ಅಳಿಸುವ ಹಟ ಬೇಡ. ಗೀರಿನೊಳಗೆ ಬಿಳಿ ಅಥವಾ ಬೂದು ಬಣ್ಣ ಕಂಡರೆ ಪ್ರೈಮರ್ ತೆರೆದುಕೊಂಡಿದೆ ಎಂದು ಅರ್ಥ. ಅದಕ್ಕೆ ಯಾವ ಕಾಂಪೌಂಡೂ (ಪಾಲಿಶಿಗಿಂತ ಒರಟಾಗಿ ಸವೆಸುವ ಪೇಸ್ಟ್) ಉಪಯೋಗವಿಲ್ಲ, ಟಚ್-ಅಪ್ ಬಣ್ಣವೇ ಬೇಕು.

ಇನ್ನು ಬಾನೆಟ್ಟಿನ ವಿಷಯ. ಸುತ್ತುಸುತ್ತಾಗಿ ಕಂಡರೂ ಆ ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ; ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುವುದರಿಂದ ಸೂರ್ಯನ ಪ್ರತಿಬಿಂಬದ ಸುತ್ತ ವೃತ್ತಗಳಿದ್ದಂತೆ ತೋರುತ್ತವೆ. ಇವು ಬಹುಪಾಲು ಒರೆಸುವ ಬಟ್ಟೆಯಿಂದ ಆದವು, ಹಾಗಾಗಿ ಮೇಲ್ಮೈಯಲ್ಲಿಯೇ ಇರುತ್ತವೆ. ಇವು ಹೋಗುತ್ತವೆ.

ಕೆಲಸಕ್ಕೆ ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್ ಒಳ್ಳೆಯದು, ಬಿಸಿಲೂ ಇಲ್ಲ, ರಸ್ತೆಯ ಧೂಳೂ ಕಡಿಮೆ. ಮೊದಲು ಕಾರನ್ನು ಚೆನ್ನಾಗಿ ತೊಳೆದು, ಅಂಗೈಯಿಂದ ಸವರಿದಾಗ ತರಿತರಿಯಾಗಿದ್ದರೆ ಸಾಕಷ್ಟು ಸೋಪುನೀರು ಸಿಂಪಡಿಸಿ ಕ್ಲೇ ಬಾರ್ (ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆದು ಉಂಡೆ) ಆಡಿಸಿ. ಅಂಟಿಕೊಂಡ ಕಣಗಳನ್ನು ತೆಗೆಯದೆ ಯಂತ್ರ ಹಚ್ಚಿದರೆ ಅವೇ ಹೊಸ ಗೀರುಗಳನ್ನು ಎಳೆಯುತ್ತವೆ. ಅನಂತರ ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಮತ್ತು ಬಾಗಿಲಿನ ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚು ಮತ್ತು ಏಣುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಯಂತ್ರದ ಒತ್ತಡವೂ ಅಲ್ಲಿಯೇ ಹೆಚ್ಚು ಬೀಳುತ್ತದೆ.

ಇಡೀ ಕಾರನ್ನು ಒಮ್ಮೆಲೇ ಹಿಡಿಯಬೇಡಿ. ಬಾನೆಟ್ಟಿನ ಮೇಲೆ ಒಂದೂವರೆ ಅಡಿಯ ಚೌಕವನ್ನು ಟೇಪಿನಿಂದ ಗುರುತಿಸಿ, ಮೃದುವಾದ ಫೋಮ್ ಪ್ಯಾಡ್ ಮತ್ತು ನಯವಾದ ಫಿನಿಶಿಂಗ್ ಪಾಲಿಶಿನಿಂದಲೇ ಆರಂಭಿಸಿ. ಪ್ಯಾಡಿನ ಬಣ್ಣವನ್ನು ನೋಡಿ ಅದರ ಗಡಸುತನವನ್ನು ಊಹಿಸಬೇಡಿ. ಅದು ಕಂಪನಿಯಿಂದ ಕಂಪನಿಗೆ ಬೇರೆ. ಬಟಾಣಿ ಕಾಳಿನಷ್ಟು ದಪ್ಪದ ನಾಲ್ಕು ಹನಿ ಸಾಕು. ಕಡಿಮೆ ವೇಗದಲ್ಲಿ ಹರಡಿ, ಬಳಿಕ ವೇಗ ಹೆಚ್ಚಿಸಿ, ಪ್ರತಿ ಸಾಲೂ ಹಿಂದಿನ ಸಾಲನ್ನು ಅರ್ಧ ಮುಚ್ಚುವಂತೆ ನಿಧಾನವಾಗಿ ಉದ್ದಕ್ಕೂ ಅಡ್ಡಕ್ಕೂ ನಾಲ್ಕರಿಂದ ಆರು ಬಾರಿ ಸಾಗಿಸಿ. ಪ್ಯಾಡ್ ಬಣ್ಣದ ಮೇಲೆ ಸಮತಟ್ಟಾಗಿ ಕುಳಿತಿರಬೇಕು. ಅದರ ಹಿಂಬದಿಯ ತಟ್ಟೆಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ ತಿರುಗುತ್ತಿದೆಯೋ ಬರೀ ಕಂಪಿಸುತ್ತಿದೆಯೋ ತಿಳಿಯುತ್ತದೆ. ತಿರುಗುವುದು ನಿಂತರೆ ಒತ್ತಡ ಹೆಚ್ಚಾಗಿದೆ ಅಥವಾ ಪ್ಯಾಡ್ ವಾಲಿದೆ ಎಂದು ಅರ್ಥ.

ಇಬ್ಬರಿರುವುದರ ದೊಡ್ಡ ಪ್ರಯೋಜನ ಇಲ್ಲಿಯೇ ಇದೆ. ಒಬ್ಬರು ಯಂತ್ರ ಹಿಡಿಯಲಿ, ಇನ್ನೊಬ್ಬರು ಬಿಳಿ ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದು ಫಲಿತಾಂಶವನ್ನು ಪರೀಕ್ಷಿಸಲಿ. ಪರೀಕ್ಷಿಸುವ ಮುನ್ನ ಒಂದು ಭಾಗ ಐಸೋಪ್ರೊಪೈಲ್ ಆಲ್ಕೋಹಾಲಿಗೆ ನಾಲ್ಕೈದು ಭಾಗ ಡಿಸ್ಟಿಲ್ಡ್ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಸಾಕು. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಕಲೆ ಉಳಿಯುತ್ತದೆ. ಹೀಗೆ ಒರೆಸಿದಾಗ ಎಣ್ಣೆಯ ಅಂಶ ಹೋಗಿ ನಿಜವಾದ ಬಣ್ಣ ಕಾಣುತ್ತದೆ. ನಿಮ್ಮ ಗ್ಯಾರೇಜಿನ ಕೆಲಸದಲ್ಲಿ ತಪ್ಪಿಹೋದ ಹಂತ ಇದೇ ಇರಬೇಕು. ಗೀರು ಉಳಿದಿದ್ದರೆ ಮಾತ್ರ ಇನ್ನಷ್ಟು ಗಡಸು ಪ್ಯಾಡ್, ಆಮೇಲೆ ಕಾಂಪೌಂಡ್ ಎಂಬ ಕ್ರಮದಲ್ಲಿ ಮುಂದಕ್ಕೆ ಹೋಗಿ.

ಮರುಪ್ರಶ್ನೆ

ತಮ್ಮ ವಿವರಣೆಗೆ ಧನ್ಯವಾದಗಳು ಸರ್. ಫಿನಿಶಿಂಗ್ ಪಾಲಿಶಿನಿಂದ ಗೀರುಗಳು ಅರ್ಧದಷ್ಟೇ ಕಡಿಮೆಯಾದವು, ಆದ್ದರಿಂದ ಮೈಕ್ರೋಫೈಬರ್ ಪ್ಯಾಡಿನೊಂದಿಗೆ ಕಾಂಪೌಂಡ್ ಬಳಸಿದೆವು. ಸುತ್ತು ಗೀರುಗಳು ಹೋದವು, ಆದರೆ ಆ ಚೌಕದ ಮೇಲೆ ಮಂಜು ಕವಿದಂತೆ ಒಂದು ಮಬ್ಬು ಉಳಿದಿದೆ. ಕಾರನ್ನು ಹೊರಗಿನಿಂದ ತಂದು ನಿಲ್ಲಿಸಿದ ಕೂಡಲೇ ಕೆಲಸ ಆರಂಭಿಸಿದ್ದೆವು, ಕಾಂಪೌಂಡ್ ಬೇಗನೆ ಒಣಗಿ ಪುಡಿಯಾಗುತ್ತಿತ್ತು. ಕ್ಲಿಯರ್ ಕೋಟ್ ಹೋಯಿತೇ? ಬಾಗಿಲಿನ ಗೀರಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ, ಒಂದು ಕಡೆ ಬೂದು ಬಣ್ಣವೂ ಇಣುಕುತ್ತಿದೆ.

ಉತ್ತರ

ಗಾಬರಿಯಾಗಬೇಡಿ. ಕ್ಲಿಯರ್ ಕೋಟ್ ಹೋಗಿದ್ದರೆ ಆ ಜಾಗ ಒರೆಸಿದಷ್ಟೂ ಕಳೆಗುಂದಿಯೇ ಇರುತ್ತದೆ, ಒರೆಸುವ ಬಟ್ಟೆಗೆ ಕಪ್ಪು ಬಣ್ಣವೂ ಹತ್ತುತ್ತದೆ. ಎಲ್ಲ ಕಡೆ ಸಮನಾಗಿರುವ ನವಿರಾದ ಮಬ್ಬು ಕಾಂಪೌಂಡ್ ಮತ್ತು ಗಡಸು ಪ್ಯಾಡ್ ಬಿಟ್ಟುಹೋದ ಅತಿಸೂಕ್ಷ್ಮ ಗೀರುಗಳ ಗುರುತು. ಕಪ್ಪು ಬಣ್ಣ ಅದನ್ನು ಬಚ್ಚಿಡುವುದಿಲ್ಲ. ಅದೇ ಫಿನಿಶಿಂಗ್ ಪಾಲಿಶನ್ನು ಶುಭ್ರವಾದ ಮೃದು ಫೋಮ್ ಪ್ಯಾಡಿನಲ್ಲಿ, ಹಗುರವಾದ ಕೈಯಿಂದ ಎರಡನೆಯ ಹಂತವಾಗಿ ಮಾಡಿ. ಮಬ್ಬು ಕರಗಿ ಆಳವಾದ ಕಪ್ಪು ಬರುತ್ತದೆ.

ಪುಡಿಯಾಗಲು ಕಾರಣ ಎಂಜಿನಿನ ಬಿಸಿ. ಅಂಗೈ ಇಟ್ಟಾಗ ಬಾನೆಟ್ ತಣ್ಣಗಿರಬೇಕು, ಆದ್ದರಿಂದ ಕಾರನ್ನು ಹಿಂದಿನ ರಾತ್ರಿಯೇ ತಂದು ನಿಲ್ಲಿಸಿಡಿ. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಮೃದು ಬ್ರಷ್‌ನಿಂದ ಉಜ್ಜಿ ಸವೆದ ಬಣ್ಣದ ಪುಡಿಯನ್ನು ತೆಗೆಯಿರಿ, ಒದ್ದೆಯಾಗಿ ಮೆತ್ತಗಾದ ಪ್ಯಾಡನ್ನು ಬದಲಿಸಿ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸುವ ಆಸೆ ಬೇಡ.

ಬಾಗಿಲಿಗೆ ಟಚ್-ಅಪ್ ಬಣ್ಣ ತರಿಸಿ. ನಿಮ್ಮ ಬಣ್ಣದ ಕೋಡ್ ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಮೇಲೆ ಅಥವಾ ಎಂಜಿನ್ ಕೋಣೆಯ ಫಲಕದಲ್ಲಿ ಇರುತ್ತದೆ. ಕಪ್ಪು ಎಂದರೆ ಒಂದೇ ಕಪ್ಪಲ್ಲ, ಕೋಡ್ ಇಲ್ಲದೆ ಕೊಳ್ಳಬೇಡಿ. ಗೀರನ್ನು ಆಲ್ಕೋಹಾಲಿನಿಂದ ಶುಚಿಮಾಡಿ, ಟೂತ್‌ಪಿಕ್‌ನ ತುದಿಯಿಂದ ಗೀರಿನ ಒಳಕ್ಕೆ ಮಾತ್ರ ಬಣ್ಣ ಇಳಿಸಿ, ತೆಳುವಾದ ಪದರಗಳಲ್ಲಿ ನಡುನಡುವೆ ಒಣಗಲು ಬಿಟ್ಟು ತುಂಬುತ್ತಾ ಬನ್ನಿ, ಕೊನೆಗೆ ಟಚ್-ಅಪ್ ಕ್ಲಿಯರ್ ಹಚ್ಚಿ. ಉಬ್ಬಿದ ಭಾಗವನ್ನು 2000 ಮತ್ತು 3000 ಗ್ರಿಟ್ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ನಯವಾದ ಸ್ಯಾಂಡ್‌ಪೇಪರ್‌ನಿಂದ) ಸಮಮಾಡುವವರಿದ್ದಾರೆ. ಮೊದಲ ಸಲ ಕೈಹಾಕುವವರಿಗೆ ನಾನು ಅದನ್ನು ಸೂಚಿಸಲಾರೆ, ಏಕೆಂದರೆ ಆ ಕಾಗದ ಕ್ಲಿಯರ್ ಕೋಟನ್ನು ಪಾಲಿಶಿಗಿಂತ ಬಹಳ ಬೇಗ ತೆಗೆಯುತ್ತದೆ. ಲೋಹವೇ ಕಂಡಿದ್ದರೆ ಮಾತ್ರ ತಡಮಾಡಬೇಡಿ, ಅದರಲ್ಲೂ ಕೊಂಕಣದ ಕಡಲತೀರಕ್ಕೆ ಆಗಾಗ ಹೋಗುವವರಾದರೆ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಬಣ್ಣವನ್ನು ಕಾಯುವ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿ. ಟಚ್-ಅಪ್ ಮಾಡಿದ ಜಾಗ ಪೂರ್ತಿ ಗಟ್ಟಿಯಾಗುವವರೆಗೆ ಅದನ್ನು ಬಿಟ್ಟು ಉಳಿದ ಕಡೆ ಹಚ್ಚಿದರೆ ಸಾಕು. ಇನ್ನೊಂದು ಮಾತು: ನಿಮ್ಮ ಸೊಸೈಟಿಯಲ್ಲಿ ಬೆಳಗಿನ ಜಾವ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಸಾಲು ಸಾಲು ಕಾರುಗಳನ್ನು ಒರೆಸುವ ವ್ಯವಸ್ಥೆಯಿದ್ದರೆ ಬಾನೆಟ್ಟಿನ ಗೀರುಗಳ ಮೂಲ ಬಹುಶಃ ಅದೇ. ಒರೆಸುವ ಅಣ್ಣನಿಗೆ ಅವರ ಸಂಬಳವನ್ನು ಎಂದಿನಂತೆ ಕೊಡುತ್ತಾ, ಗಾಜು ಮತ್ತು ಚಕ್ರಗಳನ್ನು ಮಾತ್ರ ಒರೆಸಿ, ಬಣ್ಣದ ಮೇಲಿನ ಧೂಳನ್ನು ಮುಟ್ಟಬೇಡಿ ಎಂದು ಕೇಳಿಕೊಳ್ಳಿ. ಕಾರನ್ನು ವಾರಕ್ಕೊಮ್ಮೆ ನೀವೇ ತೊಳೆಯಿರಿ: ಶಾಂಪೂ ನೀರಿಗೆ ಒಂದು ಬಕೆಟ್, ಮಿಟ್ (ತೊಳೆಯುವ ಕೈಚೀಲ) ಜಾಲಿಸಲು ಇನ್ನೊಂದು.