ದಾಸ್ತೊಯೆವ್‌ಸ್ಕಿಯ ಆರಂಭದ ಕತೆಗಳಲ್ಲಿ ‘ನಾನು’: ಯಾವುದನ್ನು ಮೊದಲು ಓದಬೇಕು?

ಪ್ರಶ್ನೆ: ಎಂ.ಎ. ಸೆಮಿನಾರಿಗೆ ದಾಸ್ತೊಯೆವ್‌ಸ್ಕಿಯ ಜೈಲಿಗೆ ಮುಂಚಿನ ಬರಹಗಳಲ್ಲಿ ‘ನಾನು’ ಎಂಬುದು ಹೇಗೆ ಬರುತ್ತದೆ ಅನ್ನುವ ವಿಷಯ ತಗೊಂಡಿದ್ದೇನೆ. ಇಪ್ಪತ್ತು ನಿಮಿಷ ಮಾತಾಡಬೇಕು. ‘ದಿ ಡಬಲ್’ನಲ್ಲಿ ಸರ್ಕಾರಿ ನೌಕರ ಗೊಲ್ಯಾದ್ಕಿನ್‌ಗೆ ತನ್ನನ್ನೇ ಹೋಲುವ ಇನ್ನೊಬ್ಬ ಗೊಲ್ಯಾದ್ಕಿನ್ ಎದುರಾಗುತ್ತಾನಲ್ಲ, ಆ ಕತೆ ಮುಂದಕ್ಕೇ ಹೋಗುತ್ತಿಲ್ಲ. ಯಾವುದು ನಿಜ, ಯಾವುದು ಭ್ರಮೆ ಅಂತಲೇ ತಿಳಿಯದು. ಓದಿದವರು, ಪಾಠ ಹೇಳಿದವರು ದಯವಿಟ್ಟು ದಾರಿ ತೋರಿಸಿ.

*

‘ಡಬಲ್’ನಿಂದ ಶುರು ಮಾಡಬೇಡಿ. ಮೊದಲು ಪತ್ರಗಳ ರೂಪದಲ್ಲಿರುವ ಕಾದಂಬರಿ ‘ಪೂರ್ ಫೋಕ್’ ಓದಿ. ಎರಡೂ 1846ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಅಚ್ಚಾದವು. ಪ್ರಶ್ನೆಯೂ ಒಂದೇ: ಬೇರೆಯವರ ಕಣ್ಣು ಬಿಟ್ಟರೆ ನನಗೆ ನಾನು ಅಂತ ಏನಾದರೂ ಉಳಿದಿದೆಯೇ? ಅದರ ನಾಯಕ ಮಕಾರ್ ದೇವುಷ್ಕಿನ್ ಕಚೇರಿಯಲ್ಲಿ ಕಾಗದಪತ್ರ ನಕಲು ಮಾಡುವ ಗುಮಾಸ್ತ. ಅಡುಗೆಮನೆಗೆ ಅಡ್ಡಗೋಡೆ ಹಾಕಿದ ಒಂದು ಮೂಲೆಯಲ್ಲಿ ಅವನ ವಾಸ. ಚಹಾ ಕುಡಿಯುವುದು ಕೂಡ ಬೇರೆಯವರಿಗೋಸ್ಕರ, ಅಂತಸ್ತಿಗೋಸ್ಕರ ಎಂದು, ತಾನು ಪತ್ರ ಬರೆಯುವ ಹುಡುಗಿ ವಾರೆಂಕಾಗೆ ಅವನೇ ಹೇಳುತ್ತಾನೆ.

ಸಮಯ ಕಡಿಮೆಯಿದ್ದರೆ ಎರಡು ಪತ್ರ ಸಾಕು. ಜುಲೈ 8ರ ಪತ್ರದಲ್ಲಿ ತನ್ನಂಥದೇ ಬಡ ಗುಮಾಸ್ತನ ಕತೆಯಾದ ಗೊಗೋಲನ ‘ಓವರ್‌ಕೋಟ್’ ಓದಿ ಸಿಟ್ಟಾಗುತ್ತಾನೆ. ತನ್ನ ಬದುಕನ್ನೇ ಯಾರೋ ಇಣುಕಿ ನೋಡಿ ಬರೆದುಬಿಟ್ಟರು ಅನ್ನುವ ಅವಮಾನ ಅದು. ಸೆಪ್ಟೆಂಬರ್ 9ರ ಪತ್ರದಲ್ಲಿ ಹಿರಿಯ ಅಧಿಕಾರಿಯ ಮುಂದೆ ನಿಂತಿದ್ದಾನೆ. ಕನ್ನಡಿಯಲ್ಲಿ ತನ್ನ ರೂಪ ಕಂಡು ದಿಗಿಲಾಗುತ್ತದೆ. ಅಷ್ಟರಲ್ಲಿ ಕೋಟಿನ ಗುಂಡಿ ಕಿತ್ತು ಉರುಳಿಕೊಂಡು ಹೋಗುತ್ತದೆ, ಅದರ ಹಿಂದೆ ಬಗ್ಗಿ ಓಡುತ್ತಾನೆ. ಅಧಿಕಾರಿ ನೂರು ರೂಬಲ್ ಕೊಟ್ಟು ಕೈ ಕುಲುಕುತ್ತಾನೆ. ಹಣಕ್ಕಿಂತ ಆ ಕೈಕುಲುಕು ದೊಡ್ಡದು, ಅದರಿಂದ ನನ್ನನ್ನು ನನಗೇ ಹಿಂದಿರುಗಿಸಿದರು ಎನ್ನುತ್ತಾನೆ ದೇವುಷ್ಕಿನ್. ಇಲ್ಲಿ ‘ನಾನು’ ಮೇಲಿನವನು ದಯಪಾಲಿಸುವ ವಸ್ತು. ದಯಪಾಲಿಸುವವನು ಸಿಗದಿದ್ದರೆ ಏನಾಗುತ್ತದೆ ಅನ್ನುವುದು ‘ಡಬಲ್’.

*

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ದರ್ಜೆಗಳ ಲೆಕ್ಕ ಗೊತ್ತಿಲ್ಲದೆ ‘ಡಬಲ್’ ಓದಿದರೆ ಅರ್ಧ ಕತೆ ಕೈತಪ್ಪುತ್ತದೆ. 1722ರಲ್ಲಿ ಪೀಟರ್ ದೊರೆ ಸರ್ಕಾರಿ ನೌಕರಿಯನ್ನು ಹದಿನಾಲ್ಕು ದರ್ಜೆ ಮಾಡಿದ. ಗೊಲ್ಯಾದ್ಕಿನ್ ಒಂಬತ್ತನೆಯ ದರ್ಜೆಯವನು. ಎಂಟಕ್ಕೆ ಏರಿದರೆ ವಂಶಪಾರಂಪರ್ಯ ಕುಲೀನ ಪಟ್ಟ ಸಿಗುತ್ತಿತ್ತು. 1845ರಲ್ಲಿ, ಕತೆ ಬರೆಯುತ್ತಿದ್ದ ವರ್ಷವೇ, ಆ ಪಟ್ಟವನ್ನು ಐದನೆಯ ದರ್ಜೆಗೆ ಎತ್ತಿಟ್ಟರು. ಅವನು ಆಸೆಪಟ್ಟ ಕ್ಲಾರಾಳನ್ನು ಮದುವೆಯಾಗಲು ನಿಂತವನು ಆಗಷ್ಟೇ ಎಂಟನೆಯ ದರ್ಜೆಗೆ ಬಡ್ತಿ ಪಡೆದ ಹುಡುಗ. ಯಾರು ಯಾರಿಗೆ ತಲೆಬಾಗುತ್ತಾರೆ, ಯಾರು ಮುಖ ತಿರುಗಿಸುತ್ತಾರೆ ಅನ್ನುವುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗಿ.

*

‘ನಿಜವೋ ಭ್ರಮೆಯೋ’ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಎಲ್ಲರೂ ಎಡವುವುದು ಅಲ್ಲೇ. ಕಚೇರಿಯ ಆಂಟನ್ ಆಂಟನೊವಿಚ್ ಇಬ್ಬರು ಗೊಲ್ಯಾದ್ಕಿನ್‌ರನ್ನೂ ನೋಡುತ್ತಾನೆ, ಹೋಲಿಕೆ ಚೆನ್ನಾಗಿದೆ ಎಂದು ಮಾಮೂಲಿಯಾಗಿ ಹೇಳುತ್ತಾನೆ. ಬರೀ ಭ್ರಮೆ ಎಂದು ತೀರ್ಮಾನಿಸಿದರೆ ಈ ಪುಟಗಳು ಅರ್ಥವಾಗುವುದಿಲ್ಲ. ಬರೀ ದೆವ್ವದ ಕತೆ ಎಂದರೆ ಎರಡನೇ ಅಧ್ಯಾಯದಲ್ಲಿ ಗೊಲ್ಯಾದ್ಕಿನ್ ನೋಡಲು ಹೋಗುವ ವೈದ್ಯ ಅನಗತ್ಯ.

ಬದಲಿಗೆ ಇದನ್ನು ಹುಡುಕಿ: ಎರಡನೆಯ ಗೊಲ್ಯಾದ್ಕಿನ್ ಮೊದಲು ಹುಟ್ಟಿದ್ದೆಲ್ಲಿ? ಐದನೆಯ ಅಧ್ಯಾಯದ ಹಿಮದ ರಾತ್ರಿ, ಪೀಟರ್ಸ್‌ಬರ್ಗಿನ ಫೊಂತಾಂಕಾ ನದಿಯ ದಂಡೆಯಲ್ಲಿ ಎಂದು ಎಲ್ಲರೂ ಬರೆಯುತ್ತಾರೆ. ಅಲ್ಲ, ಮೊದಲನೆಯ ಅಧ್ಯಾಯದಲ್ಲೇ. ಬಾಡಿಗೆ ಸಾರೋಟಿನಲ್ಲಿ ಠೀವಿಯಿಂದ ಹೋಗುತ್ತಿರುವಾಗ ಮೇಲಧಿಕಾರಿ ಆಂದ್ರೇ ಫಿಲಿಪ್ಪೊವಿಚ್ ಎದುರಾಗುತ್ತಾನೆ. ತಲೆಬಾಗಲೋ, ಇಲ್ಲ ಇದು ನಾನಲ್ಲ, ನನ್ನನ್ನೇ ಹೋಲುವ ಬೇರೆ ಯಾರೋ ಎಂಬಂತೆ ಕೂತುಬಿಡಲೋ ಎಂದು ಗೊಲ್ಯಾದ್ಕಿನ್ ಒದ್ದಾಡುತ್ತಾನೆ. ನಾಚಿಕೆಯಿಂದ ತಪ್ಪಿಸಿಕೊಳ್ಳಲು ತಾನೇ ಹೂಡಿದ ನೆವ ನಾಲ್ಕು ಅಧ್ಯಾಯ ದಾಟಿ ಮೈ ತಳೆದು ಎದುರು ಬರುತ್ತದೆ. ನಿಮ್ಮ ಸೆಮಿನಾರಿಗೆ ಇದೇ ಬೆನ್ನೆಲುಬಾಗಲಿ.

ಆಮೇಲೆ ಒಂಬತ್ತನೆಯ ಅಧ್ಯಾಯದ ಕಡುಬಿನ ಪ್ರಸಂಗ. ಒಂದು ಕಡುಬು ತಿಂದು ದುಡ್ಡು ಕೊಡಲು ಹೋದರೆ, ನೀವು ತಿಂದಿದ್ದು ಹನ್ನೊಂದು, ಒಂದು ರೂಬಲ್ ಹತ್ತು ಕೊಪೆಕ್ ಆಯಿತು ಎನ್ನುತ್ತಾನೆ ಅಂಗಡಿಯವನು. ಗೊಲ್ಯಾದ್ಕಿನ್ ಕಣ್ಣೆತ್ತಿದರೆ, ಅಲ್ಲಿಯವರೆಗೆ ಕನ್ನಡಿ ಎಂದುಕೊಂಡಿದ್ದು ಬಾಗಿಲು. ಬಾಗಿಲಲ್ಲಿ ಮತ್ತೊಬ್ಬ ಕೊನೆಯ ತುತ್ತು ನುಂಗುತ್ತಿದ್ದಾನೆ. ತಕರಾರು ತೆಗೆದರೆ ಅವಮಾನ, ಹಾಗಾಗಿ ಇವನೇ ದುಡ್ಡು ಕೊಡುತ್ತಾನೆ. ಮೊದಲ ಪುಟದಲ್ಲಿ ಎದ್ದ ಕೂಡಲೇ ಮುಖದ ಮೇಲೆ ಮೊಡವೆ ಎದ್ದಿಲ್ಲವಷ್ಟೇ ಎಂದು ನೋಡಿಕೊಂಡ ಕನ್ನಡಿಯನ್ನು ಇದರ ಪಕ್ಕಕ್ಕಿಟ್ಟು ಓದಿ.

*

ಯಾರು ಮಾತಾಡುತ್ತಿದ್ದಾರೆ ಅನ್ನುವ ಗೊಂದಲಕ್ಕೆ ಮೂರು ಬಣ್ಣದ ಪೆನ್ಸಿಲ್ ಹಿಡಿಯಿರಿ. ಗೊಲ್ಯಾದ್ಕಿನ್ ಬೇರೆಯವರಿಗೆ ಹೇಳುವ ‘ನನ್ನ ಪಾಡಿಗೆ ನಾನು’ ಎಂಬ ಧಾಟಿಗೆ ಒಂದು, ತನ್ನನ್ನೇ ಸಂತೈಸಿಕೊಳ್ಳುವುದಕ್ಕೆ ಇನ್ನೊಂದು, ನಿರೂಪಕನಿಗೆ ಮೂರನೆಯದು. ಹತ್ತು ಪುಟದೊಳಗೆ ಕಾಣುತ್ತದೆ: ನಿರೂಪಕ ‘ನಮ್ಮ ನಾಯಕ’ ಎನ್ನುತ್ತಾ ಗೊಲ್ಯಾದ್ಕಿನ್ನನ ಮಾತುಗಳನ್ನೇ ಕಿತ್ತುಕೊಂಡು ಅವನನ್ನು ಅಣಕಿಸುತ್ತಾನೆ. ರಷ್ಯನ್ ವಿಮರ್ಶಕ ಬಖ್ತಿನ್ ದಾಸ್ತೊಯೆವ್‌ಸ್ಕಿ ಬಗೆಗಿನ 1929ರ ಪುಸ್ತಕದಲ್ಲಿ (ಪರಿಷ್ಕರಿಸಿದ್ದು 1963) ಇದನ್ನೇ ಬಿಡಿಸಿ ತೋರಿಸಿದ್ದಾನೆ. ಆದರೆ ಪೆನ್ಸಿಲ್ ಕೆಲಸ ಮುಗಿಸಿ ಅವನನ್ನು ಓದಿ. ಮೊದಲೇ ಓದಿದರೆ ನಿಮಗೆ ಅವನು ಹೇಳಿದ್ದು ಮಾತ್ರ ಕೇಳಿಸುತ್ತದೆ.

‘ಡಬಲ್’ ಪಠ್ಯದ ವಿಷಯ: 1846ರದ್ದು ಹದಿನಾಲ್ಕು ಅಧ್ಯಾಯ, 1866ರಲ್ಲಿ ತಿದ್ದಿದ್ದು ಹದಿಮೂರು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸಿಗುವುದು ಎರಡನೆಯದು. ಕಾನ್ಸ್‌ಟನ್ಸ್ ಗಾರ್ನೆಟ್ ಅನುವಾದವೂ ಅದೇ. ಆ ಕಾಲದ ವಿಮರ್ಶಕ ಬೆಲಿನ್‌ಸ್ಕಿ ಟೀಕಿಸಿದ್ದು ಮೊದಲಿನದನ್ನು. ವಾಸ್ತವಕ್ಕೆ ಮೀರಿದ ಅದ್ಭುತಕ್ಕೆ ಹುಚ್ಚಾಸ್ಪತ್ರೆಯಲ್ಲಿ ಜಾಗ, ಸಾಹಿತ್ಯದಲ್ಲಲ್ಲ ಎಂದ ಅವನ ಮಾತನ್ನು ಉಲ್ಲೇಖಿಸುವಾಗ ಕೈಯಲ್ಲಿರುವ ಪಠ್ಯ ಅವನು ಓದಿದ್ದಲ್ಲ ಎಂಬುದು ನೆನಪಿರಲಿ. ಕತೆ ಗೆಲ್ಲಲಿಲ್ಲ ಎಂದು 1877ರಲ್ಲಿ ಲೇಖಕನೇ ಒಪ್ಪಿಕೊಂಡ, ಆದರೆ ಅದಕ್ಕಿಂತ ಗಂಭೀರ ವಿಚಾರವನ್ನು ತಾನು ಸಾಹಿತ್ಯಕ್ಕೆ ತಂದಿಲ್ಲ ಎಂದೂ ಬರೆದ.

*

ಉಳಿದ ಕತೆಗಳಲ್ಲಿ ‘ಮಿಸ್ಟರ್ ಪ್ರೊಖಾರ್ಚಿನ್’ ಸೇರಿಸಿಕೊಳ್ಳಿ. ಕಚೇರಿಯೇ ಮುಚ್ಚಿಹೋದೀತೆಂಬ ಭಯದಲ್ಲಿ ಸಾಯುವ ಗುಮಾಸ್ತನ ಹಾಸಿಗೆಯಲ್ಲಿ 2,497 ರೂಬಲ್ ಐವತ್ತು ಕೊಪೆಕ್ ಸಿಗುತ್ತದೆ. ‘ಲೋಕದಲ್ಲಿ ನೀನೊಬ್ಬನೇ ಇದ್ದೀಯಾ? ನೀನೇನು ನೆಪೋಲಿಯನ್ನೇ?’ ಎಂದು ಅವನನ್ನು ಜೊತೆಯವನು ಜಬರಿಸುವ ಜಾಗ ಬಿಡಬೇಡಿ. ‘ವೈಟ್ ನೈಟ್ಸ್’ (1848) ಎಲ್ಲರಿಗೂ ಇಷ್ಟ, ಅದಕ್ಕೇ ಎಚ್ಚರ ಬೇಕು: ಪ್ರೇಮಕತೆಯ ಗುಂಗಿನಲ್ಲಿ, ಹೆಸರಿಲ್ಲದ ನಿರೂಪಕ ತನ್ನ ಬದುಕನ್ನು ‘ಅವನು’ ಎಂದು ಹೇಳಿಕೊಳ್ಳುವುದು, ಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ ಎಂದು ನಾಯಕಿ ನಾಸ್ತೆಂಕಾ ಹೇಳುವುದು ತಪ್ಪಿಹೋಗುತ್ತದೆ. ‘ನೆತೊಚ್ಕಾ ನೆಜ್ವಾನೊವಾ’ ಕಾದಂಬರಿ ಬೇಡ. 1849ರ ಏಪ್ರಿಲ್‌ನಲ್ಲಿ ಲೇಖಕನ ಬಂಧನವಾಗಿ ಅದು ಅಪೂರ್ಣವಾಗಿಯೇ ಉಳಿಯಿತು. ಇಪ್ಪತ್ತು ನಿಮಿಷದಲ್ಲಿ ಅದಕ್ಕೆ ನ್ಯಾಯ ಸಿಗದು.

ಐದು ನಿಮಿಷ ಗುಂಡಿ, ಹತ್ತು ನಿಮಿಷ ಸಾರೋಟು ಮತ್ತು ಕಡುಬು, ಮೂರು ನಿಮಿಷ ನೆಪೋಲಿಯನ್. ಉಳಿದೆರಡನ್ನು ಪ್ರಶ್ನೆಗಳಿಗೆ ಬಿಡಿ. ನೆಪೋಲಿಯನ್ ಮಾತು ಬಂದ ಮೇಲೆ, ‘ಕ್ರೈಮ್ ಅಂಡ್ ಪನಿಶ್‌ಮೆಂಟ್’ನ ನಾಯಕ ರಾಸ್ಕೊಲ್ನಿಕೊವ್ ಬಗ್ಗೆ ಖಂಡಿತ ಕೇಳುತ್ತಾರೆ.