ಡಾಲಿ ಮ್ಯಾಡಿಸನ್ ಕಂಚಿನ ಪದಕ ಹಸಿರಾಗಿದೆ, ತಿಕ್ಕಬಹುದಾ?

ನ್ಯೂಜೆರ್ಸಿಯ ಎಡಿಸನ್‌ನಿಂದ ಪ್ರಶ್ನೆ: ಪಕ್ಕದ ಮನೆ ಅಜ್ಜಿ ಮನೆ ಖಾಲಿ ಮಾಡುವಾಗ ಮಗಳಿಗೆ ಒಂದು ಪದಕ ಕೊಟ್ಟರು. ಮುಂದೆ ಅಮೆರಿಕದ ನಾಲ್ಕನೇ ಅಧ್ಯಕ್ಷರ ಹೆಂಡತಿ ಡಾಲಿ ಮ್ಯಾಡಿಸನ್ ಮುಖ, ಹಿಂದೆ ಆಕೆ ಜಾರ್ಜ್ ವಾಷಿಂಗ್ಟನ್ ಚಿತ್ರದ ಹತ್ತಿರ ನಿಂತಿದ್ದಾರೆ. ಮೆತ್ತನೆ ಪ್ಲಾಸ್ಟಿಕ್ ಕವರಿನಲ್ಲಿತ್ತು, ಅಂಚಿಗೆಲ್ಲ ಅಂಟಂಟು ಹಸಿರು. ಊರಿಂದ ಬಂದಿರುವ ಅಮ್ಮ ಆಗಲೇ ಹುಣಸೆಹಣ್ಣು ನೆನೆಹಾಕಿದ್ದಾರೆ. ತಿಕ್ಕಲಾ? ಚಿನ್ನದ್ದೂ ಇದೆಯಂತೆ, ಇದು ಯಾವುದು?

ಡಲ್ಲಾಸ್‌ನಿಂದ: ಅಮ್ಮನ ಕೈಯಿಂದ ಮೊದಲು ಅದನ್ನು ತೆಗೆದುಕೊಳ್ಳಿ! ನಾನು ಇದೇ ತಪ್ಪು ಮಾಡಿದ್ದೇನೆ. ನನ್ನದು ಎರಡನೇ ಅಧ್ಯಕ್ಷರ ಹೆಂಡತಿ ಅಬಿಗೇಲ್ ಆಡಮ್ಸ್ ಪದಕ, ಹಿಂಬದಿಯಲ್ಲಿ ಆಕೆ ಕೂತು ಗಂಡನಿಗೆ ಕಾಗದ ಬರೆಯುತ್ತಿರುವ ಚಿತ್ರ. ದೇವರ ಪಾತ್ರೆ ಬೆಳಗಿದ ಹಾಗೆ ಹುಣಸೆ, ಉಪ್ಪು ಹಾಕಿ ಬೆಳಗಿದೆ. ಐದೇ ನಿಮಿಷಕ್ಕೆ ಹೊಸ ತಾಮ್ರದ ತಂಬಿಗೆ ಬಣ್ಣ ಬಂತು, ಖುಷಿಯೂ ಆಯಿತು. ಬೆಳಕಿಗೆ ಹಿಡಿದರೆ ಕೆನ್ನೆ ಮೇಲೆಲ್ಲ ಉಪ್ಪಿನ ಹರಳಿನ ಗೀರು. ವಾರದಲ್ಲಿ ಮತ್ತೆ ಮಂಕಾಯಿತು, ಅದೂ ಮಚ್ಚೆ ಮಚ್ಚೆಯಾಗಿ. ಹೋದ ಬಣ್ಣ ಮತ್ತೆ ಬರುವುದಿಲ್ಲ.

ಸ್ಯಾನ್ ಹೋಸೆಯಿಂದ: ಆ ಹಸಿರು ಕವರಿನಿಂದ ಬಂದದ್ದು. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಹಳೆಯದಾದಂತೆ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಶುದ್ಧ ಅಸಿಟೋನ್ ತನ್ನಿ, ಬಣ್ಣ ಪರಿಮಳ ಸೇರಿಸಿದ ನೇಲ್ ಪಾಲಿಶ್ ರಿಮೂವರ್ ಬೇಡ. ಗಾಜಿನ ಬಟ್ಟಲಲ್ಲಿ ಹಾಕಿ ಪದಕ ಮುಳುಗಿಸಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ದೀಪ ಏನೂ ಉರಿಯಬಾರದು. ಉಜ್ಜಬೇಡಿ. ಸ್ವಲ್ಪ ಹೊತ್ತಾದ ಮೇಲೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಸುಮ್ನೆ ಗಾಳಿಗೆ ಒಣಗಲು ಬಿಡಿ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಪದಕದ ಅಳತೆ 33 ಮಿಲಿಮೀಟರ್ ಚಿಲ್ಲರೆ. ಹಳೆ ಕವರು ಕಸಕ್ಕೆ.

ಮೈಸೂರಿನಿಂದ: ಚಿನ್ನದ ಆಸೆ ಬಿಡಿ :) ಚಿನ್ನದ ನಾಣ್ಯ ಇದಕ್ಕಿಂತ ಚಿಕ್ಕದು, 26.5 ಮಿಲಿಮೀಟರ್ ಆಸುಪಾಸು, ಅದರ ಮೇಲೆ 10 ಡಾಲರ್ ಅಂತ ಬೆಲೆಯೂ ಇರುತ್ತದೆ. ಪದಕಕ್ಕೆ ಮುಖಬೆಲೆಯೇ ಇಲ್ಲ. ಅಮೆರಿಕದ ಟಂಕಸಾಲೆ 2007ರಲ್ಲಿ ಶುರು ಮಾಡಿದ ಅಧ್ಯಕ್ಷರ ಹೆಂಡತಿಯರ ಸಾಲು ಇದು, ಚಿನ್ನ ಕೊಳ್ಳಲಾಗದವರಿಗೆ ಅದೇ ಚಿತ್ರ ಕಂಚಿನಲ್ಲಿ. ಚಿನ್ನದ ಲೇಪ ಕೊಡಿಸಿ ಮಾರುವವರಿದ್ದಾರೆ, ನನ್ನ ಭಾವನೇ ಒಂದು ಕೊಂಡು ಮೋಸ ಹೋದರು. ಇನ್ನೊಂದು ವಿಷಯ, ಮಗಳಿಗೆ ಹೇಳಿ. 1814ರಲ್ಲಿ ಬ್ರಿಟಿಷರು ಶ್ವೇತಭವನ ಸುಡಲು ಬಂದಾಗ ಡಾಲಿ ಆ ಚಿತ್ರ ಉಳಿಸಿದರು ಅಂತ ಪದಕ ತೋರಿಸುತ್ತದೆ, ಅಲ್ವಾ? ಆ ಮನೆಯಲ್ಲಿ ಗುಲಾಮನಾಗಿದ್ದ ಪಾಲ್ ಜೆನಿಂಗ್ಸ್ ಮುಂದೆ ಬರೆದದ್ದೇ ಬೇರೆ. ಚಿತ್ರ ಇಳಿಸಿದ್ದು ಬಾಗಿಲು ಕಾಯುವವನು ಮತ್ತು ತೋಟದವನಂತೆ. ಚೌಕಟ್ಟು ಒಡೆಯಿರಿ ಅಂದದ್ದು ತಾನೇ ಅಂತ ಡಾಲಿ ಪತ್ರದಲ್ಲಿದೆ. ನನಗಂತೂ ಎರಡೂ ನಿಜವಿರಬಹುದು ಅನ್ನಿಸುತ್ತದೆ. ಹೇಳಿದ್ದು ಒಬ್ಬರು, ಏಣಿ ಹತ್ತಿದ್ದು ಇನ್ನೊಬ್ಬರು.

ಎಡಿಸನ್‌ನಿಂದ ಮತ್ತೆ: ಅಸಿಟೋನ್‌ಗೆ ಅಂಟು ಬಿಟ್ಟಿತು, ಬಟ್ಟಲ ತಳದಲ್ಲಿ ಹಸಿರು ಚೂರು. ಅಂಚಿನಲ್ಲಿ ಒಂದು ಕಪ್ಪು ಕಲೆ ಉಳಿದಿದೆ, ಇರಲಿ ಬಿಡಿ. ಏಣಿ ಎಲ್ಲಿದೆ ಅಂತ ಮಗಳು ಭೂತಗನ್ನಡಿ ಹಿಡಿದು ಹುಡುಕುತ್ತಿದ್ದಾಳೆ. ಹುಣಸೆಹಣ್ಣು ಸಾರಿಗೆ ಹೋಯಿತು.