ಮನೇಲೇ ಮಾಡ್ತಿರೋ ಎಲೆಕ್ಟ್ರಿಕ್ ತ್ರೀವೀಲರ್‌ಗೆ ಮುಂದಿನ ಸಸ್ಪೆನ್ಷನ್ ಯಾವ್ದು ಹಾಕ್ಲಿ? ಬೈಕ್ ಫೋರ್ಕ್ ಕೈ ಕೊಡ್ತು

ತೋಟದದಾರಿ:
ಎಲ್ರಿಗೂ ನಮಸ್ಕಾರ. ಶಿರಸಿ ಕಡೆಯವನು, ಅಡಿಕೆ ತೋಟ ಇದೆ. ಮನೆಯಿಂದ ತೋಟಕ್ಕೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ, ಅದ್ರಲ್ಲಿ ಕಡೇ ಇನ್ನೂರು ಮೀಟರ್ ಸರಿಯಾದ ಇಳುಕಲು, ಆರಡಿ ಮುಂದೆ ಹೋದ್ರೆ ಒಂದಡಿ ಕೆಳಗೆ. ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯೋ) ಟೈಮಲ್ಲಿ ಆಳು ಸಿಗಲ್ಲ, ಸಿಕ್ಕಿದ್ರೂ ಹೊರೆ ಹೊತ್ಕೊಂಡು ಆ ಗುಡ್ಡ ಹತ್ತೋಕೆ ಯಾರೂ ತಯಾರಿಲ್ಲ, ಅದಕ್ಕೇ ಒಂದು ಗಾಡಿ ನಾನೇ ಮಾಡೋಣ ಅಂತ ಕೂತಿದೀನಿ. ಹಿಂದೆ ಇ-ರಿಕ್ಷಾದ ಆಕ್ಸಲ್, ಡಿಫರೆನ್ಷಿಯಲ್ ಸಮೇತ, 48 ವೋಲ್ಟ್ 1500 ವ್ಯಾಟ್ ಮೋಟರ್, ಲಿಥಿಯಂ ಬ್ಯಾಟರಿ. ಗಾಡಿ ಬ್ಯಾಟರಿ ಸೇರಿ 280 ಕೆಜಿ, ನಾನು 70, ಲೋಡು 250, ಒಟ್ಟು 600 ಹಿಡ್ಕೊಳ್ಳಿ. ರೋಡಿಗೆ ಇಳಿಸಲ್ಲ, ನಮ್ಮ ಜಾಗದಲ್ಲೇ ಓಡ್ಸೋದು.

ಮುಂದೆ ಗುಜರಿಯಲ್ಲಿ ಸಿಕ್ಕಿದ 100 ಸಿಸಿ ಬೈಕಿನ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಎರಡು ಕಾಲಿನ ಶಾಕ್) ಹಾಕಿದ್ದೆ. ಹದಿನೈದು ದಿನ ಚೆನ್ನಾಗೇ ಇತ್ತು, ಆಮೇಲೆ ಎಡಗಡೆ ಕಾಲಿಂದ ಆಯಿಲ್ ಇಳಿಯೋಕೆ ಶುರು, ಈಗ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದ್ರೆ ಕಟಕ್ ಕಟಕ್ ಅಂತದೆ. ಹ್ಯಾಂಡಲ್ಲೂ ಎತ್ತು ಎಳ್ದಂಗೆ ಭಾರ. ದಪ್ಪ ಫೋರ್ಕ್ ಹಾಕಿದ್ರೆ ಸಾಕಾ, ಆಟೋದ ಮುಂಭಾಗನೇ ತಂದು ಕೂರ್ಸೋದಾ, ಇಲ್ಲಾ ಮುಂದೆ ಎರಡು ಚಕ್ರ ಮಾಡ್ಬೇಕಾ?

ಹುಬ್ಳಿವೆಲ್ಡರ್:
ಬೈಕಿನ ಫೋರ್ಕ್ ಯಾಕ ಹಾಕಾಕ ಹೋದ್ರಿ? ಹಿಂದಿನ ಆಕ್ಸಲ್ ಇ-ರಿಕ್ಷಾದ್ದು ತಂದೀರಿ ಅಂದ್ರ ಮುಂದಿಂದೂ ಅದ್ರದ ತರಬೇಕಿತ್ರಿ. 43 ಎಂಎಂ ಪೈಪಿನ ಫೋರ್ಕ್ ಬರ್ತಾವು, 12 ಇಂಚಿನ ಗಾಲಿ, ಡ್ರಮ್ ಬ್ರೇಕ್ ಎಲ್ಲಾ ಸೆಟ್ಟಿನ್ಯಾಗ ಸಿಗತೈತಿ. ನಾ ಎರಡು ಗಾಡಿಗೆ ಹಾಕಿ ಕೊಟ್ಟೇನಿ, ಕಬ್ಬಿನ ಹೊಲದಾಗ ಇನ್ನೂ ಓಡಾಕತ್ತಾವು. ಇಷ್ಟು ಸಣ್ಣ ಕೆಲಸಕ್ಕ ತಲಿ ಕೆಡಿಸ್ಕೋಬ್ಯಾಡ್ರಿ.

ಲೆಕ್ಕದಗುರು:
ಹುಬ್ಳಿ ಗುರುಗಳು ಹೇಳಿದ್ದು ಸಪಾಟು ಹೊಲಕ್ಕೆ ಸರಿ. ಆದ್ರೆ ಇವ್ರ ಇಳುಕಲು ನೋಡಿ ಸ್ವಲ್ಪ ಲೆಕ್ಕ ಹಾಕೋಣ.

ಮೊದ್ಲು ಫೋರ್ಕ್ ಯಾಕೆ ಹೋಯ್ತು ಅಂತ. ಬೈಕು ತಿರುವಲ್ಲಿ ವಾಲುತ್ತೆ, ಹಂಗಾಗಿ ಭಾರ ಯಾವಾಗ್ಲೂ ಫೋರ್ಕಿನ ಉದ್ದಕ್ಕೇ ಇಳಿಯುತ್ತೆ. ತ್ರೀವೀಲರ್ ವಾಲಲ್ಲ, ತಿರುಗಿಸಿದಾಗ ಟಯರನ್ನ ನೆಲ ಪಕ್ಕಕ್ಕೆ ತಳ್ಳುತ್ತೆ. ಮುಂದೆ 150 ಕೆಜಿ ಇದ್ದು 0.3 ಜಿ, ಅಂದ್ರೆ ಭಾರದ ಹತ್ತರಲ್ಲಿ ಮೂರು ಪಾಲಿನಷ್ಟು ಬಲ ಬರೋ ಹಾಗೆ ತಿರುಗಿಸಿದ್ರೂ 45 ಕೆಜಿ ಅಡ್ಡ ಬಲ. ನೆಲದಿಂದ ಫೋರ್ಕಿನ ಎರಡೂ ಕಾಲು ಹಿಡಿಯೋ ಕೆಳಗಿನ ಕ್ಲಾಂಪ್‌ಗೆ ಹೆಚ್ಚುಕಮ್ಮಿ 70 ಸೆಂಟಿಮೀಟರ್ ಇದೆ ಅಲ್ವಾ, ಅಷ್ಟುದ್ದದ ಸನ್ನೆಕೋಲಿನ ತುದಿಗೆ ಒಂದು ಸಿಮೆಂಟ್ ಮೂಟೆ ನೇತುಹಾಕಿ ಪ್ರತಿ ತಿರುವಲ್ಲೂ ಜಗ್ಗಿದ ಹಾಗೆ. ಪೈಪ್ ಜಾರೋ ಜಾಗದ ಬಳೆ, ಅಂದ್ರೆ ಬುಷ್, ಸವೆಯದೆ ಇನ್ನೇನಾಗುತ್ತೆ, ಬುಷ್ ಸವೆದ್ಮೇಲೆ ಆಯಿಲ್ ಸೀಲೂ ನಿಲ್ಲಲ್ಲ.

ಎರಡ್ನೇದು ಬ್ರೇಕು. ಒಟ್ಟು 600 ಕೆಜಿ, ವೀಲ್‌ಬೇಸ್ (ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ಇರೋ ಅಂತರ) 2 ಮೀಟರ್, ಭಾರದ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಮೇಲೆ ಅಂತಿಟ್ಕೊಳ್ಳಿ. ನಿಮ್ಮ ಇಳುಕಲಿಂದಲೇ ಸುಮಾರು 34 ಕೆಜಿ ಮುಂದಕ್ಕೆ ಬರುತ್ತೆ, ಜೊತೆಗೆ 0.4 ಜಿ ಬ್ರೇಕ್ ಹಾಕಿದ್ರೆ ಇನ್ನೊಂದು 84. ನಿಂತಾಗ 150 ಇದ್ದಿದ್ದು ಹತ್ತಿರ ಹತ್ತಿರ 270 ಆಯ್ತು! ಆಗ ಫೋರ್ಕ್ ಪೂರ್ತಿ ಕೂತ್ಬಿಡುತ್ತೆ, ಕೂತ ಫೋರ್ಕಲ್ಲಿ ಕಲ್ಲಿಗೆ ಹೊಡೆದ್ರೆ ಏಟು ನೇರ ಹೆಡ್ ಪೈಪಿನ (ಹ್ಯಾಂಡಲ್ ತಿರುಗೋ ಪೈಪು) ವೆಲ್ಡಿಗೆ.

ಹ್ಯಾಂಡಲ್ ಭಾರ ಆಗೋದು ಟ್ರೇಲ್‌ನಿಂದ. ಹ್ಯಾಂಡಲ್ ಪೈಪಿನ ಗೆರೆ ಕೆಳಗೆ ಎಳ್ಕೊಂಡು ಹೋದ್ರೆ ನೆಲ ಮುಟ್ಟೋ ಜಾಗಕ್ಕೂ ಟಯರ್ ನೆಲ ಮುಟ್ಟೋ ಜಾಗಕ್ಕೂ ಇರೋ ಅಂತರ ಅದು. ಬೈಕಲ್ಲಿ 90ರಿಂದ 100 ಎಂಎಂ ಇರುತ್ತೆ, ಸೈಡ್‌ಕಾರ್ ಹಾಕೋರು ಲೀಡಿಂಗ್ ಲಿಂಕ್ ಹಾಕಿ ಅದನ್ನ ಅರ್ಧಕ್ಕೆ ಇಳಿಸ್ತಾರೆ. ನಿಮಗೂ ಅದೇ ಮದ್ದು ಅನ್ಸುತ್ತೆ: ಗಟ್ಟಿ ಪೈಪಿನ ಫೋರ್ಕ್, ಅದರ ಬುಡದಿಂದ ಮುಂದಕ್ಕೆ ಚಾಚಿದ U ಆಕಾರದ ಆರ್ಮ್, ಆರ್ಮಿನ ಮುಂದಿನ ತುದೀಲಿ ಚಕ್ರ, ಎರಡೂ ಕಡೆ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್. ಅಡ್ಡ ಬಲನ ಪಿವಟ್ (ಆರ್ಮ್ ಆಡೋ ಕೀಲು) ಬುಷ್ ತಡ್ಕೊಳ್ಳುತ್ತೆ, ಶಾಕ್‌ಗೆ ಬರೀ ಮೇಲೆ ಕೆಳಗೆ ಆಡೋ ಕೆಲ್ಸ.

ತೋಟದದಾರಿ:
ಅಬ್ಬಾ, ಕಟಕಟ ಸದ್ದಿಗೆ ಇಷ್ಟೆಲ್ಲಾ ಕತೆ ಇದೆ ಅಂತ ಗೊತ್ತಿರ್ಲಿಲ್ಲ. ಸರಿ, ಆದ್ರೆ ಶಾಕ್ ಎಲ್ಲಿ ಕೂರಿಸ್ಬೇಕು, ಆರ್ಮಿನ ಮಧ್ಯದಲ್ಲಾ? ಸ್ಪ್ರಿಂಗ್ ಎಷ್ಟು ಗಟ್ಟಿ? ಮತ್ತೆ ಆಟೋ ಮುಂಭಾಗದ ಬಗ್ಗೆ ಯಾರೂ ಹೇಳ್ಲಿಲ್ಲ, ಇಲ್ಲೇ ಒಂದು ಸಿಗೋ ಹಾಗಿದೆ.

ಲೆಕ್ಕದಗುರು:
ಆದಷ್ಟು ಆಕ್ಸಲ್ ಹತ್ರ. ಆರ್ಮ್ 300 ಎಂಎಂ ಇದ್ದು ಶಾಕನ್ನ ಪಿವಟ್‌ನಿಂದ 200ಕ್ಕೆ ಕೂರಿಸಿದ್ರೆ ಚಕ್ರಕ್ಕೆ ಸಿಗೋ ಗಟ್ಟಿತನ ಮೂರನೇ ಎರಡರ ವರ್ಗ, ಅಂದ್ರೆ ಅರ್ಧಕ್ಕಿಂತ ಕಮ್ಮಿ. ಚಕ್ರದ ತೂಕ ಕಳೆದು ಸ್ಪ್ರಿಂಗ್ ಮೇಲೆ ಉಳಿಯೋ ಭಾರ 140 ಕೆಜಿಗೆ 40 ಎಂಎಂ ಕೂರ್ಬೇಕು ಅಂದ್ರೆ ಚಕ್ರದಲ್ಲಿ ಎಂಎಂಗೆ ಮೂರೂವರೆ ಕೆಜಿ ಬೇಕು. ಆಕ್ಸಲ್ ಪಕ್ಕದಲ್ಲೇ ಇಟ್ರೆ ಒಂದೊಂದು ಶಾಕ್‌ಗೆ 1.75 ಸಾಕು, ಅದು ಬೈಕಿನ ಹಿಂದಿನ ಶಾಕ್ ಕೈಲಾಗೋ ಕೆಲ್ಸ. 200ಕ್ಕೆ ಇಟ್ರೆ ಹತ್ರ ಹತ್ರ 4 ಬೇಕು, ಅಂಥದ್ದು ಗುಜರೀಲಿ ಹುಡುಕೋಕೆ ಹೋಗ್ಬೇಡಿ. ಒಂದು ಸಮಾಧಾನ ಅಂದ್ರೆ ಅಡಿಕೆ ಹೇರೋದು ಹಿಂದಿನ ಆಕ್ಸಲ್ ಮೇಲೆ, ಹಂಗಾಗಿ ಲೋಡ್ ಇದ್ರೂ ಇಲ್ದಿದ್ರೂ ಮುಂದಿನ ಭಾರ ಅಷ್ಟೇನೂ ಬದಲಾಗಲ್ಲ, ಒಂದೇ ಸ್ಪ್ರಿಂಗಲ್ಲಿ ಆಗುತ್ತೆ.

ಕುಡ್ಲಗ್ಯಾರೇಜ್:
ಆಟೋದ್ದು ಬೇಡ ಮಾರಾಯ್ರೆ. ಗಟ್ಟಿ ಉಂಟು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಅದ್ರ ಚಕ್ರ 4.00-8, ಬರೀ ಎಂಟು ಇಂಚಿನ ರಿಮ್ಮು. ಮಳೆಗಾಲದಲ್ಲಿ ನಿಮ್ಮ ದಾರಿಯ ಗುಂಡಿಗೆ ಅದು ಇಳಿದ್ರೆ ಮೇಲೆ ಬರ್ಲಿಕ್ಕಿಲ್ಲ. 12 ಇಂಚು ಹಾಕಿ.

ಲೀಡಿಂಗ್ ಲಿಂಕ್ ಮಾಡುದಾದ್ರೆ ಬ್ರೇಕ್ ಪ್ಲೇಟಿನ ಆಂಕರ್ (ಪ್ಲೇಟ್ ತಿರುಗದ ಹಾಗೆ ಹಿಡಿಯುವ ಕಟ್ಟು) ಮಾತ್ರ ಮರೀಬೇಡಿ. ನಾನೊಬ್ಬ ಮರ್ತಿದ್ದೆ. ಡ್ರಮ್ಮಿನ ಪ್ಲೇಟನ್ನ ಆಕ್ಸಲ್ ನಟ್ಟಿನ ಬಿಗಿ ಒಂದೇ ಹಿಡ್ಕೊಂಡಿತ್ತು, ಮೊದಲ್ನೇ ಗಟ್ಟಿ ಬ್ರೇಕಿಗೆ ಪ್ಲೇಟೇ ಚಕ್ರದ ಜೊತೆ ತಿರುಗಿ ಕೇಬಲ್ಲನ್ನ ಸುತ್ತಿಕೊಂಡು ಹರಿದು ಹಾಕ್ತು, ಗಾಡಿ ನಿಂತದ್ದು ತೆಂಗಿನ ಬುಡದಲ್ಲಿ. ಪ್ಲೇಟನ್ನ ಆರ್ಮಿಗೇ ಕಟ್ಟಿದ್ರೆ ಬ್ರೇಕ್ ಹಾಕುವಾಗ ಮೂತಿ ಮೇಲೆ ಏಳ್ತದೆ, ಒಂಥರಾ ವಿಚಿತ್ರ ಆಗ್ತದೆ. ಬೇರೆ ಒಂದು ಸರಳು ಹಾಕಿ ಪ್ಲೇಟಿನಿಂದ ಫೋರ್ಕಿಗೆ ಆರ್ಮಿನ ಸಮಾನಾಂತರಕ್ಕೆ ಕಟ್ಟಿದ್ರೆ ಆ ಕುದುರೆಯಾಟ ನಿಲ್ತದೆ. ಹೆಡ್ಡಿನಲ್ಲಿ ಗುಂಡಿನ ಬೇರಿಂಗ್ ಬೇಡ, ಟೇಪರ್ ರೋಲರ್ ಹಾಕಿ.

ಮುಂದೆ ಎರಡು ಚಕ್ರ ಅಂದ್ರೆ ಟೈ ರಾಡ್, ಎರಡೂ ಕಡೆ ಆರ್ಮು, ಅಲೈನ್‌ಮೆಂಟು, ಹಿಂದೆ ಒಂದೇ ಚಕ್ರ ಆಗುದ್ರಿಂದ ನಿಮ್ಮ ಹಿಂದಿನ ಆಕ್ಸಲ್ಲೂ ದಂಡ. ಬೀಳುದು ಕಮ್ಮಿ ಅಂಬುದು ಹೌದು, ಬ್ರೇಕ್ ಹಾಕ್ತಾ ತಿರುಗಿಸುವಾಗ ಒಂಟಿ ಮುಂಚಕ್ರದ ಗಾಡಿಯೇ ಬೇಗ ಮಗುಚುದು. ಬ್ಯಾಟರಿ ಕೆಳಗೆ ಹಾಕಿ, ಇಳಿಯುವಾಗ ನಿಧಾನ ಇಳೀರಿ.

ಹುಬ್ಳಿವೆಲ್ಡರ್:
ಗುಡ್ಡ ಐತಿ ಅನ್ನೂದು ನಾ ಸರಿ ಓದಿದ್ದಿಲ್ಲ, ಒಪ್ಪೇನ್ರಿ. ಪಿವಟ್‌ಗೆ ಬರೇ ಬೋಲ್ಟ್ ಹಾಕಬ್ಯಾಡ್ರಿ, ಹಿತ್ತಾಳಿ ಬುಷ್ ಹಾಕಿ ಗ್ರೀಸ್ ನಿಪ್ಪಲ್ ಇಡ್ರಿ, ಇಲ್ಲಂದ್ರ ಮಳಿ ಮುಗಿಯೂದ್ರಾಗ ಮತ್ತ ಕಟಕಟ.

ತೋಟದದಾರಿ:
ಮೂರು ವಾರ ಆಯ್ತು, ಅಪ್ಡೇಟ್. ಗೊಬ್ಬರದ ಅಂಗಡಿಯವರ ತೂಕದ ಮಷಿನ್ ಮೇಲೆ ಮುಂದಿನ ಚಕ್ರ ಹತ್ತಿಸಿ, ಹಿಂದಿನೆರಡಕ್ಕೆ ಅಷ್ಟೇ ಎತ್ತರದ ಹಲಗೆ ಕೊಟ್ಟು ನೋಡಿದ್ರೆ 171 ಕೆಜಿ ತೋರಿಸ್ತು. ಬ್ಯಾಟರಿ ಪೆಟ್ಟಿಗೆನ ಸೀಟಿನ ಕೆಳಗಿಂದ ಕಿತ್ತು ಹಿಂದಿನ ಆಕ್ಸಲ್ ಮುಂದಕ್ಕೆ, ಚಾಸಿಸ್ ಮಟ್ಟಕ್ಕೆ ಇಳಿಸಿದ್ಮೇಲೆ 154. ಆರ್ಮ್ 280 ಎಂಎಂ, ಶಾಕ್ 250ಕ್ಕೆ, ಟ್ರೇಲ್ ಅಳೆದ್ರೆ 50ರ ಹತ್ರ. ಈಗ ಒಂದೇ ಕೈಯಲ್ಲಿ ಹ್ಯಾಂಡಲ್ ತಿರುಗತ್ತೆ. ಬ್ರೇಕ್ ಸರಳು ಹಾಕಿದೀನಿ, ಮೂತಿ ಏಳಲ್ಲ.

ಒಂದೇ ಒಂದು ತೊಂದ್ರೆ, ಇದನ್ನ ಯಾರೂ ಹೇಳಿರ್ಲಿಲ್ಲ: ನಮ್ಮ ದಾರೀಲಿ ಜೀಪಿನ ಎರಡು ಜಾಡು ಇದಾವೆ, ನಡುವೆ ಹುಲ್ಲು ಬೆಳೆದ ದಿಬ್ಬ. ಹಿಂದಿನೆರಡು ಚಕ್ರ ಜಾಡಲ್ಲಿ ನೆಟ್ಟಗೆ ಹೋಗ್ತವೆ, ಮುಂದಿಂದು ಪಾಪ ದಿಬ್ಬದ ಮೇಲೆ, ಕಲ್ಲೆಲ್ಲಾ ಇರೋದೂ ಅಲ್ಲೇ. ನಾಳೆಯಿಂದ ಹಾರೆ ತಗೊಂಡು ದಿಬ್ಬ ತೆಗಿಯೋ ಕೆಲ್ಸ. ಫೋಟೋ ಆಮೇಲೆ ಹಾಕ್ತೀನಿ, ಬೆಳಗ್ಗೆಯಿಂದ ಕರೆಂಟಿಲ್ಲ, ಗಾಡಿನೂ ಚಾರ್ಜ್ ಇಲ್ದೆ ಕೊಟ್ಟಿಗೆ ಹತ್ರ ನಿಂತಿದೆ.